ಗೊಂಬೆಗಳ ಮುಂದಿನ ನೀಲಿ ಕೊಳ

ನಡೆದದ್ದು ಇಷ್ಟೇ: ದಸರೆಯ ಗೊಂಬೆ ನೋಡಲು ಬಂದ ಮುತ್ತೈದೆಯ ಮುಂದೆ ನಾನು ವಿಷ ಇಟ್ಟೆ. ಮಿಕ್ಕಿದ್ದೆಲ್ಲ ಅಲಂಕಾರ. ನಮ್ಮ ಸಿದ್ಧಾರ್ಥನಗರದ ಬೀದಿಯಲ್ಲಿ ಈ ಕಥೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೂಪ ತಳೆದಿದೆ. ಮನೆಗೆ ಬಂದವಳನ್ನು ಹೊಡೆದು ಕಳಿಸಿದೆ ಎಂದು ಎದುರುಮನೆಯವರು ಹೇಳುತ್ತಾರೆ. “ಅತ್ತೆ ಬೇಕೂಂತ ಮಾಡ್ಲಿಲ್ಲ ಕಣಮ್ಮ, ಎಲ್ಲಾ ಆ ತುಳಸಿ ಎಲೆಯಿಂದ ಆಗಿದ್ದು” ಎಂದು ನನ್ನ ಸೊಸೆ ಸುಮ ಫೋನಿನಲ್ಲಿ ತವರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಎಲೆ ತಾನಾಗಿ ನಡೆದುಕೊಂಡು ಬಂದು ನೀರಿಗೆ ಬಿತ್ತೇ? ಕಿತ್ತು ತಂದು ಬಿಟ್ಟವಳು ನಾನು.

ಮೈಲುತುತ್ತವನ್ನು ನೀವು ನೋಡಿರಬಹುದು. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ತಾಮ್ರದಿಂದ ಮಾಡುವ ಉಪ್ಪಂತೆ. ಕಣ್ಣಿಗೆ ಮಾತ್ರ ಕಲ್ಲುಸಕ್ಕರೆಯನ್ನು ನವಿಲಿನ ಕತ್ತಿನ ಬಣ್ಣದಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತದೆ. ವಿಷಕ್ಕೆ ಇಷ್ಟೊಂದು ಚಂದ ಕೊಟ್ಟಿದ್ದು ದೇವರ ತಪ್ಪು. ಒಗೆಯದ ಮಸಿಬಟ್ಟೆಯ ಬಣ್ಣ ಕೊಟ್ಟಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಹಿತ್ತಲಿನ ನಿಂಬೆಗಿಡದ ಎಲೆಗೆ ಕಜ್ಜಿ ಹತ್ತಿದಾಗ ಇದನ್ನು ಸುಣ್ಣದ ನೀರಿಗೆ ಬೆರೆಸಿ ಹೊಡೆಯುತ್ತೇನೆ. ನಾನು ಶಾಲೆಗೆ ಹೋಗಿದ್ದು ನಾಲ್ಕನೇ ಕ್ಲಾಸಿನವರೆಗೆ. ಆದರೆ ಮೈಲುತುತ್ತದ ಪಾಠವನ್ನು ಮೈಮೇಲೆ ಬರೆಸಿಕೊಂಡು ಕಲಿತಿದ್ದೇನೆ. ಮೊದಲ ಸಲ ಕಬ್ಬಿಣದ ಬಕೆಟ್ಟಿನಲ್ಲಿ ಕಲೆಸಿದೆ. ಬಕೆಟ್ಟಿನ ತಳ ಕೆಂಪಗಾಗಿ, ಆಮೇಲೆ ತೂತಾಯಿತು. ಇನ್ನೊಂದು ಸಲ ಬರಿಗೈಯಲ್ಲಿ ಕಲೆಸಿ, ಕೈ ತೊಳೆಯದೆ ಕಣ್ಣುಜ್ಜಿಕೊಂಡೆ. ಕಣ್ಣು ಕೆಂಡವಾಗಿ ಧಾರಾಕಾರ ನೀರು. ನನ್ನ ಯಜಮಾನರು ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಹಾಲು ಹಾಕಲು ಬಂದವನು “ಯಾರು ಹೋದ್ರಮ್ಮ?” ಎಂದು ಕೇಳಿದ.

ಅಂದಿನಿಂದ ನಮ್ಮ ಮನೆಯಲ್ಲಿ ಮೈಲುತುತ್ತಕ್ಕೆ ದೇವರ ಪೂಜೆಗಿಂತ ಹೆಚ್ಚು ಮಡಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ಕೈಗೆ ಗ್ಲೌಸ್ ಹಾಕಬೇಕು, ಪುಡಿ ಮೂಗಿಗೆ ಹೋಗಬಾರದು, ಅಡುಗೆಮನೆಯ ಹೊಸಿಲು ದಾಟಬಾರದು, ಉಳಿದ ನೀರನ್ನು ಮೋರಿಗೆ ಚೆಲ್ಲಬಾರದು, ಅದು ಕೆರೆ ಸೇರಿದರೆ ಮೀನು ಸಾಯುತ್ತದೆ. ಡಬ್ಬ ಹಿತ್ತಲ ಶೆಡ್ಡಿನಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. ಸುಮ ಕಾಯಿ ತುರಿಯುತ್ತಿದ್ದರೂ ಬಿಡದೆ ಈ ಪಾಠ ಒಪ್ಪಿಸಿದ್ದೇನೆ. “ಗೊತ್ತು ಅತ್ತೆ, ನಿದ್ದೇಲಿ ಕೇಳಿದ್ರೂ ಹೇಳ್ತೀನಿ” ಎನ್ನುತ್ತಿದ್ದಳು ಪಾಪ.

ಇಂಥ ನಾನು ಅದನ್ನು ಗೊಂಬೆಗಳ ಮುಂದೆ ಯಾಕೆ ಇಟ್ಟೆ ಎಂದರೆ, ಪಕ್ಕದ ಮನೆಯ ಪಂಕಜಮ್ಮ ಹೋದ ವರ್ಷ ತನ್ನ ಗೊಂಬೆಗಳ ನಡುವೆ ಮೋಟಾರಿನ ಕಾರಂಜಿ ಇಟ್ಟಿದ್ದಳು. ಬೀದಿಗೆ ಬೀದಿಯೇ ಹೋಗಿ ಕಾರಂಜಿ ನೋಡಿತು. ನಮ್ಮ ಮನೆಗೆ ಬಂದವರು ಕೂಡ ಉಸಲಿ ತಿನ್ನುತ್ತ ಅವಳ ಕಾರಂಜಿಯ ಮಾತೇ ಆಡಿದರು. ಈ ವರ್ಷ ನಾನು ಸುಮ್ಮನಿರುವವಳಲ್ಲ ಎಂದುಕೊಂಡೆ. ನೀಲಿ ಕಾಗದ ಹಾಸಿ ಕೊಳ ಎನ್ನುವುದು ಎಲ್ಲರ ಮನೆಯಲ್ಲೂ ಇದೆ. ನಾನು ದೊಡ್ಡ ಗಾಜಿನ ತಟ್ಟೆಯಲ್ಲಿ ಮೈಲುತುತ್ತ ಕರಗಿಸಿಟ್ಟೆ. ಗ್ಲೌಸ್ ಹಾಕಿಕೊಂಡೇ ಕರಗಿಸಿದೆ, ಅದರಲ್ಲಿ ತಪ್ಪು ಹುಡುಕಬೇಡಿ. ಸುತ್ತ ರಾಗಿ ಪೈರು, ದಡದಲ್ಲಿ ಕೊಳಲು ಹಿಡಿದ ಕೃಷ್ಣ. ದೀಪದ ಬೆಳಕಿನಲ್ಲಿ ಆ ನೀರು ಹೊಳೆದದ್ದು ನೋಡಿದರೆ ಕೃಷ್ಣನೇ ಇಳಿದು ಈಜಬೇಕು, ಹಾಗಿತ್ತು. ಒಂದೇ ಕೊರತೆ, ಕೊಳದಲ್ಲಿ ತಾವರೆ ಎಲೆ ಇಲ್ಲ. ತಟ್ಟೆಯ ಅಳತೆಗೆ ತಾವರೆ ಎಲೆ ಎಲ್ಲಿಂದ ತರಲಿ? ನಾಲ್ಕು ತುಳಸಿ ಎಲೆ ತೇಲಿಬಿಟ್ಟೆ.

ಸಂಜೆ ಪಂಕಜಮ್ಮ ಕೆನೆಬಣ್ಣದ ರೇಷ್ಮೆ ಸೀರೆ ಉಟ್ಟು ಬಂದಳು. ಮೇಲಿನ ಸಾಲಿನ ಪಟ್ಟದ ಗೊಂಬೆಯಿಂದ ಕೆಳಗಿನ ಶೆಟ್ಟರ ಗೊಂಬೆಯವರೆಗೆ ಕೊರತೆ ಹುಡುಕುತ್ತ ಬಂದು, ಕೊಳದ ಹತ್ತಿರ ನಿಂತಳು. ತೆರೆದ ಬಾಯಿ ತೆರೆದೇ ಇತ್ತು. ನನಗೆ ಕಾರಂಜಿಯ ಸಾಲ ತೀರಿತು ಅನ್ನಿಸಿತು. ಅವಳು ಕೈಮುಗಿದಳು. ಬಗ್ಗಿದಳು. ದೇವರ ಮುಂದೆ ನೀರು, ನೀರಿನಲ್ಲಿ ತುಳಸಿ. ನಮ್ಮಂಥವರಿಗೆ ಇದು ತೀರ್ಥ ಎಂದು ಬೋರ್ಡು ಹಾಕಬೇಕೇ? ಬಲಗೈ ಬಟ್ಟಲು ಮಾಡಿ ಮೊಗೆದು ತುಟಿಗೆ ಎತ್ತಿಯೇ ಬಿಟ್ಟಳು.

ಮಂಡಿನೋವೆಂದು ಕುರ್ಚಿಯಲ್ಲಿ ಕೂತೇ ಅಪ್ಪಣೆ ಕೊಡುವ ನಾನು ಅಂದು ಹಾರಿದೆ. ಕೈಲಿದ್ದ ಉಸಲಿ ಬಟ್ಟಲು ಹಾರಿ ಶೆಟ್ಟರ ಗೊಂಬೆಯ ಅಂಗಡಿಯ ತುಂಬ ಕಡಲೆಕಾಳು. ಪಂಕಜಮ್ಮನ ಕೈಗೆ ಬಾರಿಸಿದ ಸದ್ದಿಗೆ ಮಂಗಳಾರತಿಯ ಹಾಡು ನಿಂತುಹೋಯಿತು.

“ಇದೇನ್ರೀ ಇದು! ದೇವ್ರ ಮುಂದೆ ಹೊಡೀತೀರಲ್ಲ!”

“ಉಗೀರಿ! ಮೊದ್ಲು ಉಗೀರಿ!”

“ಗೊಂಬೆ ಮುಂದೆ ಉಗೀಬೇಕಾ? ತಲೆ ಕೆಟ್ಟಿದ್ಯಾ ನಿಮ್ಗೆ? ನನ್ ಸೀರೆ ನೋಡ್ರೀ, ನೀಲಿ ಆಗೋಯ್ತು!”

“ಸೀರೆ ಹಾಳಾಗ್ಲಿ, ನಾಲ್ಗೆ ಚಾಚ್ರೀ!”

“ಕೈಗೆ ಹೊಡ್ದೋರ್ಗೆ ನಾನ್ಯಾಕ್ರೀ ನಾಲ್ಗೆ ತೋರಿಸ್ಲಿ?” ಎಂದು ಬಾಯಿ ಬಿಗಿದು ಕೂತಳು. ಕುಡಿದಳೋ ಇಲ್ಲವೋ ನನಗೆ ತಿಳಿಯಬೇಕು. ಅವಳಿಗೆ ಮರ್ಯಾದೆಯ ಪ್ರಶ್ನೆ. ಅವಳ ಗಲ್ಲ ಹಿಡಿದು ಬಾಯಿ ತೆರೆಸಲು ನೋಡಿದೆ. ಅವಳು ನನ್ನ ಮಣಿಕಟ್ಟು ಹಿಡಿದು ತಳ್ಳಿದಳು. ಹೊರಗಿನಿಂದ ನೋಡಿದವರಿಗೆ ಅದು ಕುಸ್ತಿಯಂತೆಯೇ ಕಂಡಿರಬೇಕು. ಕೊನೆಗೆ ಹೇಳಿದೆ: “ಅದು ತೀರ್ಥ ಅಲ್ಲ ಪಂಕಜಮ್ಮ. ಮೈಲುತುತ್ತ.”

ಅವಳ ನಾಲಗೆ ತಾನಾಗಿ ಹೊರಗೆ ಬಂತು.

ಸುಮ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ ಎಂದು ಓಡಿಬಂದಳು. ಅದು ಬರುವಾಗ ಗಂಟಲನ್ನು ಮತ್ತೊಂದು ಸಲ ಸುಟ್ಟುಕೊಂಡು ಬರುತ್ತದೆ, ಬೇಡ ಎಂದು ಗದರಿಸಿದೆ. ನಲ್ಲಿಯಡಿ ಬಾಯಿ ಮುಕ್ಕಳಿಸಿ ಉಗಿಸಿ, ಕೈಗೆ ಸೋಪು ಹಾಕಿ ತೊಳೆಸಿ, ಮೈಲುತುತ್ತದ ಡಬ್ಬವನ್ನೂ ಹಿಡಿದು ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ. ಪ್ರೀತಿಯಿಂದಲ್ಲ, ಸತ್ತರೆ ಸಾಕ್ಷಿ ತಪ್ಪಿಸಿಕೊಳ್ಳಬಾರದೆಂದು.

ಡಾಕ್ಟರಮ್ಮ ಬಾಯಿ, ಗಂಟಲು, ಕಣ್ಣು ಎಲ್ಲ ನೋಡಿ, “ಎಷ್ಟು ಕುಡಿದ್ರಿ?” ಎಂದರು.

“ಎಲ್ಲಿ ಕುಡ್ದೆ ಡಾಕ್ಟ್ರೇ? ತುಟಿಗೆ ತಾಗಿತ್ತಷ್ಟೆ, ತೊಳೀದಿರೋ ತಾಮ್ರದ ಚೊಂಬು ನೆಕ್ದಂಗಿತ್ತು. ಅಷ್ಟ್ರಲ್ಲಿ ಈಯಮ್ಮ ಹೊಡೆದ್ಬುಟ್ರು.”

“ಬಣ್ಣ ನೋಡಿಯಾದ್ರೂ ಅನುಮಾನ ಬರ್ಲಿಲ್ವಾ?”

“ಗಂಗೋತ್ರಿಯಿಂದ ತರ್ಸಿರ್ಬೇಕು ಅನ್ಕೊಂಡೆ. ಇವ್ರು ಕಾರಂಜಿ ಮೇಲೆ ಸೇಡು ತೀರಿಸ್ಕೊಳ್ಳೋಕೆ ಏನ್ ಬೇಕಾದ್ರೂ ಮಾಡ್ತಾರೆ.”

ಡಾಕ್ಟರಮ್ಮ ಸ್ವಲ್ಪ ಹೊತ್ತು ಕೂರಿಸಿ ನೋಡಿ, ವಾಂತಿ, ಹೊಟ್ಟೆನೋವು ಏನಾದರೂ ಬಂದರೆ ತಕ್ಷಣ ಬನ್ನಿ ಎಂದು ಹೇಳಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಹುಷಾರಾಗಿ ಇಡೋದು ಹೇಗೆ ಅಂತ ನಿಮ್ಗೆ ಯಾರೂ ಹೇಳ್ಕೊಟ್ಟಿಲ್ವಾ ಅಜ್ಜಿ?” ಎಂದರು. ಸುಮ ಗೋಡೆಯ ಕಡೆ ತಿರುಗಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮಾರನೆಯ ಬೆಳಗ್ಗೆ ಎದ್ದವಳೇ ಗ್ಲೌಸ್ ತೊಟ್ಟು, ಮೊಮ್ಮಗಳ ಗುಲಾಬಿ ಬಣ್ಣದ ಈಜುಕನ್ನಡಕ ಹಾಕಿಕೊಂಡು, ಕೊಳವನ್ನು ಪ್ಲಾಸ್ಟಿಕ್ ಕ್ಯಾನಿಗೆ ಬಗ್ಗಿಸಿ ಶೆಡ್ಡಿಗೆ ಹಾಕಿ ಬೀಗ ಜಡಿದೆ. ಕೈ ತೊಳೆದುಕೊಂಡು, ರವಿಕೆ ಕಣ, ಹಣ್ಣು ಹಿಡಿದು ಪಂಕಜಮ್ಮನ ಮನೆಗೆ ಹೋದೆ. ಕನ್ನಡಕ ಹಣೆಯ ಮೇಲೇ ಉಳಿದದ್ದು ಅವಳ ಮನೆಯವರೆಲ್ಲ ನಗುವವರೆಗೂ ನನಗೆ ತಿಳಿಯಲಿಲ್ಲ. ಪಂಕಜಮ್ಮ ನಗಲಿಲ್ಲ. ದೇವರ ಮುಂದಿನ ಬಟ್ಟಲಿನಿಂದ ಉದ್ಧರಣೆಯಲ್ಲಿ ತೀರ್ಥ ತೆಗೆದು ನನ್ನ ಮುಂದೆ ಚಾಚಿದಳು. ಬಣ್ಣ ನೋಡಬೇಕು ಅನ್ನಿಸಿತು. ನೋಡದೆ, ಕಣ್ಣು ಮುಚ್ಚಿ ಕುಡಿದೆ.

“ಈಗ ನಾಲ್ಗೆ ಚಾಚ್ರೀ, ನೋಡಣ” ಎಂದಳು.

ಅವಳ ಕಾರಂಜಿಯ ಮುಂದೆ, ಅಷ್ಟು ಜನರ ಎದುರು, ಚಾಚಿದೆ.