ವೈರಿನೊಳಗಿಂದ ಪರಾರಿಯಾದ ಗಾಳಿಯವರಿಗೆ

ಮಾನ್ಯ ಗಾಳಿಯವರೇ,

ಕಣ್ಣಿಗೂ ಕಾಣದ, ಮುಷ್ಟಿಗೂ ಸಿಗದ ತಮ್ಮ ಸನ್ನಿಧಿಗೆ, ತಮ್ಮನ್ನೇ ಉಸಿರಾಡಿಕೊಂಡು ಬದುಕಿರುವ ಬಡಪಾಯಿಯೊಬ್ಬನ ನಮಸ್ಕಾರಗಳು. ತಮ್ಮ ಮೇಲೆಯೇ ದೂರು ಬರೆಯುವುದು ಉಂಡ ಮನೆಯ ಜಂತೆ ಎಣಿಸಿದಂತೆ ಎಂಬುದನ್ನು ಬಲ್ಲೆ. ಆದರೂ ವಿಷಯ ನಮ್ಮ ಮಾವನವರ ಮಾನದ್ದಾದ್ದರಿಂದ ಸುಮ್ಮನಿರಲಾಗುತ್ತಿಲ್ಲ.

ನಲವತ್ತು ವರ್ಷ ಬಡಗಿಯಾಗಿದ್ದ ಮಾವನವರು ನನ್ನ ಸಬ್‌ವೂಫರಿಗೆಂದು, ಅಂದರೆ ಕಿವಿಗಿಂತ ಎದೆಗೇ ಹೆಚ್ಚು ಕೇಳಿಸುವ ಆ ದಪ್ಪ ದನಿಯ ಸ್ಪೀಕರಿಗೆಂದು, ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟರು. ತಾವು ಒಳಗೇ ಬಂದಿಯಾಗಿದ್ದರೆ ಮಾತ್ರ ಅದರ ದನಿ ಗಟ್ಟಿ. ಹಿಂಬದಿಗೆ ತೂತು ಕೊರೆದು, ವೈರು ತೂರಿಸಿ, ಸುತ್ತ ಸಿಲಿಕೋನ್ ಅಂಟು ಮೆತ್ತಿದ ಮಹಾಕಾರ್ಯವಷ್ಟೇ ನನ್ನದು. ಆದರೆ ಸ್ಪೀಕರಿನ ಕಾಗದದ ಬಟ್ಟಲನ್ನು ಮೆಲ್ಲಗೆ ಒಳಕ್ಕೊತ್ತಿ ಬಿಟ್ಟಾಗ, ಸಾವಕಾಶವಾಗಿ ಮೇಲೇಳಬೇಕಾದದ್ದು ಥಟ್ಟನೆ ಎದ್ದಿತು. ತಾವು ಎಲ್ಲಿಂದಲೋ ಸೋರುತ್ತಿದ್ದಿರಿ.

"ಕೀಲು ಬಿಟ್ಟಿರ್ಬೇಕು ಮಾವ, ಕೈ ಮೊದಲಿನ ಹಾಗಿಲ್ಲ ನೋಡಿ" ಎಂದು ನಾನು, ಅಳಿಯಂದಿರಿಗೆ ಸಹಜವಾದ ಔದಾರ್ಯದಿಂದ, ತೀರ್ಪು ಕೊಟ್ಟೆ. ಅವರು ಮೂರು ದಿನ, ಮೂರು ಸಲ, ಎಲ್ಲ ಅಂಚಿಗೂ ಅಂಟು ಬಳಿದರು. ನಾಲ್ಕನೆಯ ದಿನ ಉಳಿಗಳಿಗೆಲ್ಲ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಅಟ್ಟಕ್ಕೆ ಹಾಕಿಬಿಟ್ಟರು.

ಆಮೇಲೆ ನನ್ನಾಕೆ ಬಟ್ಟಲನ್ನು ಒಳಕ್ಕೊತ್ತುತ್ತ ವೈರಿನ ಬಳಿ ಕೆನ್ನೆಯಿಟ್ಟು, "ರೀ, ಇಲ್ಲಿ ತಣ್ಣಗೆ ಊದ್ತಾ ಇದೆ. ಇದು ಅಪ್ಪನ ಕೈಯಲ್ಲ, ನಿಮ್ಮ ಕೈವಾಡ" ಎಂದಳು. ಹೌದು ಮಹನೀಯರೇ! ನಾನು ವೈರಿನ ಹೊರಗೆ ಕೋಟೆ ಕಟ್ಟುತ್ತಿದ್ದಾಗ ತಾವು ಅದರ ಕಪ್ಪು ತೊಗಟೆಯ ಒಳಗೇ, ಎರಡು ಎಳೆಗಳ ನಡುವಿನ ಸಂದಿಯಲ್ಲಿ, ರಾಜಬೀದಿಯಲ್ಲೆಂಬಂತೆ ನಡೆದು, ಒಂದು ಗೇಣು ಆಚೆ, ನಾನು ತೊಗಟೆ ಸುಲಿದಿದ್ದಲ್ಲಿ ಹೊರಬಿದ್ದಿರಿ. ಬಿರುದು ಕೊಡೋಣವೆಂದರೆ ತಮ್ಮನ್ನು ಹಿಡಿದು ನಿಲ್ಲಿಸುವುದು ಹೇಗೆ?

ಆದ್ದರಿಂದ ವಿನಂತಿಯೇನೆಂದರೆ, ತಾವು ನಾಳೆ ಒಂದು ಗಳಿಗೆ ಮಾತ್ರ ಮಾವನವರ ಯಾವುದಾದರೊಂದು ಕೀಲಿನಿಂದ ಸೋರಿ, ನನ್ನ ತೀರ್ಪನ್ನು ಎತ್ತಿಹಿಡಿಯಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದಲ್ಲಿ, ನಾನಾಡಿದ ಆ ಮಾತನ್ನಾದರೂ ಅವರ ಕಿವಿಯಿಂದ ಹೊರಗೆಳೆದು ಎಲ್ಲಾದರೂ ದೂರ ಬಿಟ್ಟು ಬರಬೇಕು.

ತಮ್ಮ ವಿಶ್ವಾಸಿ,
ಬಾಯೊಂದನ್ನು ಬಿಟ್ಟು ಮಿಕ್ಕೆಲ್ಲ ತೂತು ಮುಚ್ಚಿದ ಅಳಿಯ

ತಾ.ಕ.: ನೇರವಾಗಿ ತಪ್ಪೊಪ್ಪಿಕೊಳ್ಳಲು ಎದೆಗಾರಿಕೆ ಸಾಲದೆ, ಈ ಪತ್ರವನ್ನೇ ಮಾವನವರಿಗೆ ಓದಿಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡು ಹೇಳಿದರು: "ಗಾಳಿಗೆ ಇಷ್ಟುದ್ದ ಬರೆದ್ರಲ್ಲ ಅಳಿಯಂದ್ರೇ. ನನಗೆ ಬರೆದಿದ್ರೆ ಅರ್ಧ ಸಾಲು ಸಾಕಿತ್ತು."