ಎರಡು ಶೇಕಡಾ ಚಿಹ್ನೆಗಳ ನಡುವೆ

ಕಂಪ್ಯೂಟರ್ ಕೆಲಸದಲ್ಲಿ ಇದು ನಡೆಯುತ್ತಲೇ ಇರುತ್ತದೆ: ತಪ್ಪು ಒಬ್ಬರದು, ತಿದ್ದುವವನು ಇನ್ನೊಬ್ಬ, ಬೈಸಿಕೊಳ್ಳುವವನೂ ಅವನೇ. ತುರ್ಭೆಯ ನಮ್ಮ ಆಫೀಸಿನಲ್ಲಿ ಆ ಇನ್ನೊಬ್ಬ ನಾನಾಗಿದ್ದೆ.

೧. ಸಿಗದ ನೌಕರರು

ಆಫೀಸಿನ ನೌಕರರ ಹೆಸರು ಹುಡುಕುವ ಪ್ರೋಗ್ರಾಮನ್ನು ಮ್ಯಾನೇಜರ್ ಸಾಹೇಬರು ಸ್ವತಃ ಡಾಟ್‌ನೆಟ್‌ನಲ್ಲಿ ಬರೆದರು. ಧಾರವಾಡದ ಕಡೆಯವರು; ನಾನು ಕನ್ನಡದವನೆಂದು ಬೈಗುಳವನ್ನೂ ಕನ್ನಡದಲ್ಲೇ ಕೊಡುತ್ತಿದ್ದರು. ಪ್ರೋಗ್ರಾಮು ಮಾತ್ರ ಯಾವ ಹೆಸರು ಕೊಟ್ಟರೂ ಯಾರನ್ನೂ ತೋರಿಸಲಿಲ್ಲ.

"ಇದನ್ನ ಸರಿಮಾಡ್ರಿ, ನಿಮ್ಮನ್ನ ಪರ್ಮನೆಂಟ್ ಮಾಡಿಸ್ತೀನಿ," ಅಂದರು. ಡೊಂಬಿವಲಿಯಲ್ಲಿ ನನ್ನ ಹೆಂಡತಿ ಅಂದೇ ಬಿಲ್ಡಿಂಗಿಗೆಲ್ಲ ಪೇಡೆ ಹಂಚಿಬಿಟ್ಟಳು.

ಹುಡುಕುವ ಹೆಸರು ಬಂದು ಕೂರಬೇಕಾದ ಜಾಗದಲ್ಲಿ @ ಚಿಹ್ನೆಯ ಗುರುತೊಂದನ್ನು ಇಡುತ್ತೇವೆ. ಹೆಸರಿನ ಹಿಂದೆ ಮುಂದೆ ಏನಿದ್ದರೂ ಸರಿ ಎನ್ನಲು ಎರಡೂ ಬದಿಗೆ ಶೇಕಡಾ ಚಿಹ್ನೆ. ಸಾಹೇಬರು ಎಲ್ಲವನ್ನೂ ಒಟ್ಟಿಗೆ ಕೊಟೇಶನ್ ಮಾರ್ಕಿನೊಳಗೆ ತುರುಕಿದ್ದರು; ಅದರೊಳಗೆ ಹೋದರೆ ಆ ಗುರುತೂ ಬರೀ ಅಕ್ಷರವೇ. ಪಾಪ, ಕಂಪ್ಯೂಟರು ಹೆಸರಿನಲ್ಲೇ @ ಇರುವ ನೌಕರನನ್ನು ಹುಡುಕುತ್ತಿತ್ತು! ಶೇಕಡಾ ಚಿಹ್ನೆಗಳನ್ನು ಹೆಸರಿಗೇ ಅಂಟಿಸಿ ಕಳಿಸಿದೆ, ಎಲ್ಲರೂ ಸಿಕ್ಕರು.

"ಇದನ್ನ ನಾನ ಹೇಳಾಂವ ಇದ್ದೆ," ಅಂದರು ಸಾಹೇಬರು.

೨. ಎಲ್ಲರ ಹುಟ್ಟುಹಬ್ಬ

ಹೆಸರು ಟೈಪ್ ಮಾಡದೆ ಒತ್ತಿದರೆ ಎರಡು ಶೇಕಡಾ ಚಿಹ್ನೆಗಳ ನಡುವೆ ಏನೂ ಇರುವುದಿಲ್ಲ. ಆಗ ಎಲ್ಲ ಹೆಸರೂ ಬರುತ್ತವೆ. ಅದನ್ನು ತಡೆಯಬೇಕು ಎಂದೆ.

"ಖಾಲಿ ಬಿಟ್ಟು ಯಾರ್ ಒತ್ತತಾರ್ರೀ? ಅಷ್ಟ ದಡ್ಡರು ನಮ್ಮಲ್ಲಿ ಯಾರದಾರ?"

ಮರುವಾರವೇ ರಿಸೆಪ್ಶನಿಸ್ಟ್ ಅದೇ ಪ್ರೋಗ್ರಾಮಿನಿಂದ ಯಾರಿಗೋ ಹುಟ್ಟುಹಬ್ಬದ ಶುಭಾಶಯ ಕಳಿಸಲು ಹೋಗಿ ಖಾಲಿಯೇ ಒತ್ತಿದಳು. ಇಡೀ ಆಫೀಸಿಗೆ ಶುಭಾಶಯ ಹೋಯಿತು. "ಸರ್, ಆಪ್‌ಕಾ ಭೀ ಆಜ್ ಹೈ?" ಎಂದು, ಸಾಹೇಬರ ಹುಟ್ಟುಹಬ್ಬವೂ ಅಂದೇ ಅಂದುಕೊಂಡು, ಅವಳೇ ಬೆರಗಾದಳು. ಸಾಹೇಬರು ಹೌದೆಂದು ಕೇಕ್ ಕತ್ತರಿಸಿಯೇಬಿಟ್ಟರು.

ಈಗಲಾದರೂ ತಿದ್ದಲೇ ಎಂದು ಕೇಳಿದೆ.

"ಹಂಗ ಇರ್ಲಿ ಬಿಡ್ರಿ. ಮಂದಿ ಖುಷಿ ಆಗ್ಯಾರ."

೩. ಸೇವೆ ಸಮಾಪ್ತಿ

ಆಮೇಲೆ ಅದೇ ಪ್ರೋಗ್ರಾಮಿಗೆ, ಕೆಲಸದಿಂದ ತೆಗೆಯುವ ಬಟನ್ನೊಂದನ್ನೂ ನನ್ನ ಕೈಯಿಂದಲೇ ಹಾಕಿಸಿದರು. ಪರ್ಮನೆಂಟಿನ ಮಾತು ಮಾತ್ರ ಎತ್ತಲಿಲ್ಲ.

ಒಂದು ಬೆಳಿಗ್ಗೆ ಥಾಣೆಯಲ್ಲಿ ಲೋಕಲ್ ಬದಲಿಸುವಾಗ ಮೊಬೈಲಿಗೆ ಮೆಸೇಜ್ ಬಂತು: ನಿಮ್ಮ ಸೇವೆ ಇಂದಿಗೆ ಸಮಾಪ್ತಿ. ಹೆಂಡತಿ ಹಂಚಿದ ಪೇಡೆ ನೆನಪಾಯಿತು.

ಆಫೀಸಿನಲ್ಲಿ ರಿಸೆಪ್ಶನಿಸ್ಟ್ ಅಳುತ್ತಿದ್ದಳು. ಸಾಹೇಬರು ಬೆವರುತ್ತಿದ್ದರು, ಅವರಿಗೂ ಅದೇ ಮೆಸೇಜ್. ಖಾಲಿ ಬಿಟ್ಟು ಒತ್ತಿದವರು ಅವರೇ.

"ಏನ್ ನೋಡ್ಕೋತ ನಿಂತೀರಿ? ಎಲ್ಲಾರ್ನೂ ವಾಪಸ್ ತಗೋರಿ!"

ಮಧ್ಯಾಹ್ನದ ಡಬ್ಬಿಯನ್ನೂ ಬಿಚ್ಚದೆ ಕೂತು ಒಬ್ಬರನ್ನೂ ಬಿಡದೆ ವಾಪಸ್ ತಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ನನ್ನನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು. ಪರ್ಮನೆಂಟ್ ಆಯಿತೆಂದೇ ಅಂದುಕೊಂಡೆ.

"ಕೆಲಸ ಬರೋಬ್ಬರಿ ಮಾಡೀರಿ," ಎಂದು ಹೆಗಲ ಮೇಲೆ ಕೈಯಿಟ್ಟರು. "ಆದ್ರ ನಿಮ್ಮ ಹೆಸರು ಯಾಕ್ ವಾಪಸ್ ತಗೊಂಡ್ರಿ? ನಾ ತೆಗೀಲಿಕ್ಕೆ ಹೋಗಿದ್ದು ಅದೊಂದ ಹೆಸರ್ರೀ!"