ಚೆಂಡು ಮುಟ್ಟದ ಅಳಿಯ

ಒಬ್ಬ ಮನುಷ್ಯ ಬಾಗಿಲಿಗಿಂತ ಅಗಲವಾಗಿದ್ದರೆ ಅವನಿದ್ದ ಕಡೆ ಏನಾದರೊಂದು ಆಗುತ್ತಲೇ ಇರುತ್ತದೆ, ಅದರಲ್ಲಿ ಅವನ ತಪ್ಪೇನೂ ಇರುವುದಿಲ್ಲ. ನಮ್ಮ ಅಕ್ಕನ ಮಗಳು ಮೆಚ್ಚಿಕೊಂಡವನು ಅಂಥವನು. ಹುಟ್ಟಿದ್ದು ಇಲ್ಲೇ, ಆಕ್ಲೆಂಡಿಗೆ ದಕ್ಷಿಣದ ಪೊರಿರುವಾ ಊರಿನಲ್ಲಿ, ಸಮೋವಾ ದ್ವೀಪದಿಂದ ಬಂದವರ ಮನೆಯಲ್ಲಿ. ರಗ್ಬಿ ಆಡಿಕೊಂಡಿದ್ದ ಹುಡುಗನನ್ನು ಅಮೆರಿಕದವರು ಕರೆದೊಯ್ದು ತಮ್ಮ ಫುಟ್ಬಾಲ್ ಕಲಿಸಿದರು. ಹೆಸರು ಫುಟ್ಬಾಲ್, ಒದೆಯುವುದು ಅಪರೂಪ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ ಅದು. ಅದರಲ್ಲಿ ಚೆಂಡು ಎಸೆಯುವವನು ಒಬ್ಬ. ಅವನ ಮುಂದೆ ಗೋಡೆಯಂತೆ ಐದು ಜನ. ಎದುರಿನವರು ಎಸೆಯುವವನ ಮೇಲೆ ನುಗ್ಗದಂತೆ ತಡೆಯುವುದು ಈ ಐವರ ಕೆಲಸ. ನಮ್ಮವನು ಆ ಗೋಡೆಯ ಒಂದು ಕಲ್ಲು.

ಎಸೆದವನ ಮುಖ ಊರ ತುಂಬ ಜಾಹೀರಾತಿನಲ್ಲಿ. ತಡೆದವನಿಗೆ ಮಂಡಿನೋವು. ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೂಲಿ ನಾನು. ಡಾಕ್ಟರ ಹೆಸರು ಬಾಗಿಲ ಮೇಲಿರುತ್ತದೆ, ಅವರ ಕೋಟು ಒಗೆದವನ ಹೆಸರು ಎಲ್ಲೂ ಇರುವುದಿಲ್ಲ.

ಹನ್ನೊಂದು ವರ್ಷ ಎಲ್ಲಿದ್ದಿ?

ಮಂಡಿ ಸವೆದ ಮೇಲೆ ಊರಿಗೆ ಮರಳಿ, ಆಸ್ಪತ್ರೆಯಲ್ಲಿ ರೋಗಿಗಳ ಮಂಚ ತಳ್ಳುವ ಕೆಲಸ ಹಿಡಿದ. ನಮ್ಮ ಹುಡುಗಿ ಅಲ್ಲೇ ನರ್ಸು. ಇಬ್ಬರೂ ಮದುವೆ ಆಗುತ್ತೇವೆ ಎಂದಾಗ ಅಕ್ಕ ಹುಬ್ಬಳ್ಳಿಯಿಂದ ವಿಮಾನ ಹತ್ತಿ ಬಂದಳು. ಜಾತಿ ಕೇಳುತ್ತಾಳೆ, ನಾನು ಜಗಳ ಆಡಬೇಕು ಎಂದು ಸಿದ್ಧನಾಗಿ ಕೂತಿದ್ದೆ. ಕೇಳಲಿಲ್ಲ. ನಾನು ತಂದ ಭಾಷಣ ಹಾಗೇ ಉಳಿಯಿತು.

"ಮಂಚ ತಳ್ಳೂದು ತಿಳೀತು. ಅದಕ್ಕ ಮೊದಲ ಹನ್ನೊಂದು ವರ್ಷ ಏನ್ ಮಾಡಿದ್ಯಪ್ಪಾ?" ಎಂದಳು ಅಕ್ಕ. ಮಗಳು ಇಂಗ್ಲಿಷಿಗೆ ತಿರುಗಿಸಿದಳು.

"ಫುಟ್ಬಾಲ್, ಆಂಟಿ."

"ಎಷ್ಟ ಗೋಲ್ ಹೊಡದಿ?"

"ಒಂದೂ ಇಲ್ಲ."

"ಹೋಗ್ಲಿ, ಚೆಂಡು ಎಷ್ಟ ಸಲಾ ಹಿಡದಿ?"

"ಹಿಡಿದಿಲ್ಲ ಆಂಟಿ. ನಾನು ಮುಟ್ಟುವ ಹಾಗಿಲ್ಲ. ನಿಲ್ಲುವುದು ನನ್ನ ಕೆಲಸ."

ಅಕ್ಕ ನನ್ನನ್ನು ಒಳಗೆ ಕರೆದಳು. "ತಮ್ಮಾ, ಇಂವಾ ಜೈಲಿನ್ಯಾಗ ಇದ್ನೇನೋ?"

ಇಲ್ಲ ಎಂದು ಆಣೆ ಮಾಡಿದೆ. ಅವಳು ನಂಬಲಿಲ್ಲ. ಹೊರಗೆ ಬಂದು ತೀರ್ಪು ಕೊಟ್ಟಳು: "ನಿಮ್ಮ ಮದುವಿ ನೀವ ಮಾಡ್ಕೋರಿ. ನಾ ಬಂದು ಕೂಡ್ತೀನಿ. ಆದ್ರ ಇಂವಾ ಮಾಡಿದ ಕೆಲಸಾ ಏನಂತ ನನಗ ತಿಳಿಯೂತನಕ ಅಕ್ಕಿಕಾಳು ಹಾಕಂಗಿಲ್ಲ."

ತಾಯಿ ಅಕ್ಕಿಕಾಳು ಹಾಕದ ಮದುವೆ ಎಂದರೆ ಆಶೀರ್ವಾದ ಇಲ್ಲದ ಮದುವೆ. ನಮ್ಮ ಹುಡುಗಿಯ ಕಣ್ಣು ತುಂಬಿತು. ಅವನು ಗಾಬರಿಯಿಂದ ನನ್ನ ಕಿವಿಯಲ್ಲಿ ಕೇಳಿದ: "ಅಂಕಲ್, ಅಕ್ಕಿ ನಾನೇ ತರಲಾ? ಎಷ್ಟು ಕಿಲೋ?"

ಸಾಕ್ಷಿ

ಮುಂದಿನ ಭಾನುವಾರ ಅವನು ಹಳೆಯ ಆಟದ ವಿಡಿಯೋ ತಂದ. ಅಕ್ಕ ಕನ್ನಡಕ ಒರೆಸಿಕೊಂಡು ಕೂತಳು.

ಆ ವಿಡಿಯೋವನ್ನು ಎಸೆಯುವವನ ಬೆನ್ನ ಹಿಂದಿನಿಂದ ಹಿಡಿದಿದ್ದರು. ಪರದೆಯ ಮೇಲೆ ಐದು ದೊಡ್ಡ ಕುಂಡೆಗಳು ಸಾಲಾಗಿ ಬಾಗಿ ನಿಂತವು.

"ಇದರಾಗ ಇಂವಾ ಯಾಂವಾ?" ಎಂದಳು ಅಕ್ಕ.

"ಎಡದಿಂದ ಎರಡನೆಯದು, ಆಂಟಿ."

ಅಕ್ಕ ಗೌರವದಿಂದ ಸೆರಗು ಸರಿಮಾಡಿಕೊಂಡು ನೋಡಿದಳು. ಆಟ ಮುಗಿಯುವವರೆಗೂ ಅವನ ಮುಖ ಬರಲಿಲ್ಲ. ಒಮ್ಮೆ ಮಾತ್ರ ಮೈಕಿನಲ್ಲಿ ಅವನ ಹೆಸರು ಕೇಳಿಸಿತು. ಅಕ್ಕ ನೆಟ್ಟಗಾದಳು. "ಹೆಸರ ಹೇಳಿದ್ರಲ್ಲ! ಏನಂದ್ರ?"

ಮಗಳು ತಲೆ ತಗ್ಗಿಸಿದಳು. "ತಪ್ಪು ಮಾಡಿದ ಅಂದ್ರವ್ವಾ. ಎದುರಿನವನ ಅಂಗಿ ಹಿಡಕೊಂಡ. ತಡೀಬಹುದು, ಹಿಡೀಬಾರದು. ಎಲ್ಲಾರೂ ಹತ್ತು ಗಜ ಹಿಂದ ಹೋಗಬೇಕು."

"ಹಂಗಾರ ಹಿಡೀಲಿಲ್ಲ ಅಂದ್ರ?"

"ಆಗ ಎದುರಿನವ ದಾಟಿ ಹೋಗ್ತಾನ. ಅದಕ್ಕೂ ಇವರನ್ನ ಬಯ್ತಾರ."

"ಸರಿಯಾಗಿ ತಡದ್ರ?"

"ಯಾರೂ ಏನೂ ಅನ್ನೂದಿಲ್ಲ."

ಅಕ್ಕ ಕನ್ನಡಕ ತೆಗೆದು ಮಡಚಿಟ್ಟಳು. ಆಮೇಲೆ ಅವನ ಕಡೆ ಮೊದಲ ಬಾರಿ ಕನಿಕರದಿಂದ ನೋಡಿದಳು. "ಹಿಡದ್ರ ತಪ್ಪು, ಬಿಟ್ರ ತಪ್ಪು, ಸರಿ ಮಾಡಿದ್ರ ಹೆಸರಿಲ್ಲ. ಇದು ಆಟ ಅಲ್ಲೋ ತಮ್ಮಾ, ಇದು ಸೊಸಿತನ."

ಕೆಲಸ ತಿಳಿಯಿತೇ ಎಂದು ಕೇಳಿದೆ. "ಕಷ್ಟ ತಿಳೀತು, ಕೆಲಸಾ ತಿಳೀಲಿಲ್ಲ" ಎಂದಳು.

ಕುರ್ಚಿ

ಅದೇ ದಿನಗಳಲ್ಲಿ ನಮ್ಮ ಲಾಂಡ್ರಿಯಲ್ಲಿ ಜಗಳ ನಡೆದಿತ್ತು. ಚಾದರ ಮಡಚುವ ಹೆಂಗಸರು ದಿನವಿಡೀ ನಿಂತೇ ಇರುತ್ತಾರೆ. ಕುರ್ಚಿ ಕೊಡಿ ಎಂದರೆ ಮ್ಯಾನೇಜರು "ಪರಿಶೀಲಿಸುತ್ತೇವೆ" ಎನ್ನುತ್ತಿದ್ದ. ಕುರ್ಚಿಯಲ್ಲಿ ಪರಿಶೀಲಿಸಲು ಏನಿದೆ? ನಾಲ್ಕು ಕಾಲಿವೆಯೋ ಇಲ್ಲವೋ, ಅಷ್ಟೇ. ನಾವು ಗೇಟಿನ ಮುಂದೆ ಫಲಕ ಹಿಡಿದು ನಿಂತೆವು. ಜನ ಕಡಿಮೆ ಬಿದ್ದರು. ಅಳಿಯನಿಗೆ ಫೋನ್ ಮಾಡಿದೆ. ರಜೆ ಹಾಕಿ ಬಂದ. "ಅಂಕಲ್, ಎಲ್ಲಿ ನಿಲ್ಲಲಿ?" ಅಷ್ಟೇ ಕೇಳಿದ್ದು.

ಮ್ಯಾನೇಜರನ ಪಿಕಪ್ ಗಾಡಿ ಬಂತು. ಹಾರ್ನ್ ಹೊಡೆದ. ನಾವೆಲ್ಲ ಘೋಷಣೆ ಕೂಗಿದೆವು. ಅಳಿಯ ಕೂಗಲಿಲ್ಲ, ಕದಲಲಿಲ್ಲ. ಮ್ಯಾನೇಜರು ಇಳಿದು ಬಂದು, ಕತ್ತು ಮೇಲೆತ್ತಿ ಅವನನ್ನು ನೋಡಿ, ವಿನಯವಾಗಿ ಕೇಳಿದ: "ನಿಮ್ಮ ಬೇಡಿಕೆ ಏನು ಸಾರ್?"

"ಗೊತ್ತಿಲ್ಲ. ಅಂಕಲ್ ನಿಲ್ಲು ಅಂದರು."

ತಿಂಗಳುಗಟ್ಟಲೆ ನನ್ನ ವಾದಕ್ಕೆ ಜಗ್ಗದವನು ಆ ಮಾತಿಗೆ ಬೆವರಿದ. ಒಳಗೆ ಓಡಿ ತನ್ನ ಸ್ವಂತ ಕುರ್ಚಿಯನ್ನೇ ಉರುಳಿಸಿಕೊಂಡು ಬಂದು "ದಯವಿಟ್ಟು ಕೂತುಕೊಳ್ಳಿ" ಎಂದ. ಅಳಿಯ ಮರ್ಯಾದೆಯ ಹುಡುಗ, ಕೂತ. ಕುರ್ಚಿ ಮುರಿಯಿತು.

ಮರುವಾರ ಹೆಂಗಸರಿಗೆಲ್ಲ ಗಟ್ಟಿ ಕುರ್ಚಿ ಬಂದವು. ನಮ್ಮ ಚಳವಳಿಯಲ್ಲಿ ನಾನು ಕಂಡ ಏಕೈಕ ಪೂರ್ಣ ವಿಜಯ ಅದು. ಮ್ಯಾನೇಜರು ಮಾತ್ರ ಇವತ್ತಿಗೂ ಸ್ಟೂಲಿನ ಮೇಲೆ ಕೂರುತ್ತಾನೆ.

ಸಾಕು

ಆಟ ಆಡುವಾಗ ಗೋಡೆ ದಪ್ಪವಿರಬೇಕು ಎಂದು ಅವನಿಗೆ ಹಸಿವಿಲ್ಲದಿದ್ದರೂ ತಿನ್ನಿಸುತ್ತಿದ್ದರಂತೆ. ಬಿಟ್ಟ ಮೇಲೆ ಡಾಕ್ಟರು ಇಳಿಸು ಎಂದರು. ಕಷ್ಟಪಟ್ಟು ಇಳಿಸಿದ್ದ. ಅಕ್ಕ ಹಳೆಯ ಫೋಟೋ ನೋಡಿ ಎದೆ ಬಡಿದುಕೊಂಡಳು: "ಅಯ್ಯ, ಎಷ್ಟ ಸೊರಗ್ಯಾನ!"

ಊಟಕ್ಕೆ ಕೂರುವ ಮೊದಲು ನಾನು ಅವನಿಗೆ ತಿಳಿಸಿಕೊಟ್ಟೆ: ನಮ್ಮಲ್ಲಿ ಮೊದಲ ಸಲ "ಸಾಕು" ಎಂದರೆ ಹಾಕು ಎಂದರ್ಥ, ಎರಡನೆಯದೂ ಲೆಕ್ಕಕ್ಕಿಲ್ಲ, ನಿಜವಾಗಿ ಸಾಕಾದರೆ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿ. ಅವನ ಮುಖ ಅರಳಿತು. ಅಡ್ಡ ಹಿಡಿಯುವುದೇ ಅವನ ವೃತ್ತಿಯಲ್ಲವೇ!

ಹಿಡಿದ. ಮೊರದಷ್ಟು ಅಗಲದ ಎರಡು ಕೈ. ತಟ್ಟೆ ಕಾಣಲೇ ಇಲ್ಲ. ಅಕ್ಕ ಎಡಗಡೆ ಸೌಟು ತೋರಿಸಿದಳು, ಅವನು ಎಡಕ್ಕೆ ಸರಿದ, ಅವಳು ಬಲಗಡೆಯಿಂದ ಜುಣಕ ಸುರಿದಳು. ಅಮೆರಿಕದ ಘಟಾನುಘಟಿಗಳನ್ನು ತಡೆದವನನ್ನು ಅಕ್ಕ ಒಂದು ಸೌಟಿನಲ್ಲಿ ದಾಟಿದಳು.

ಸಾವಧಾನ

ಮದುವೆ ಒಂದು ಕಮ್ಯುನಿಟಿ ಹಾಲಿನಲ್ಲಿ. ಪುರೋಹಿತರು ಆಕ್ಲೆಂಡಿನ ಬಾಟನಿ ಡೌನ್ಸ್‌ನಿಂದ ಬಂದವರು, ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಕಾರ್ಪೆಟ್ ಮೇಲೆ ಅಕ್ಕಿ ಬೀಳಬಾರದೆಂದು ಹಾಲಿನವರ ಕಟ್ಟಪ್ಪಣೆ. ಹಾಗಾಗಿ ಪುರೋಹಿತರು ಮೊದಲೇ ಸಾರಿದರು: "ಯಾರೂ ಕೂತಲ್ಲಿಂದ ಎಸೆಯಬೇಡಿ. ಕೊನೆಯ ಸಾವಧಾನ ಅಂದಾಗ ಪರದೆ ಇಳಿಯುತ್ತೆ. ಆಗ ಎಲ್ಲರೂ ವೇದಿಕೆಗೇ ಬಂದು ಹಾಕಿ."

ಎಲ್ಲರೂ ಮುಷ್ಟಿ ಬಿಗಿಹಿಡಿದು ಕೂತರು. ಅಕ್ಕ ಮಾತ್ರ ಮುಂದಿನ ಸಾಲಿನಲ್ಲಿ ಕೈಕಟ್ಟಿಕೊಂಡು. ಮಗಳು ಅತ್ತ ನೋಡಿ ಮತ್ತೆ ಕೆಳಗೆ ನೋಡುತ್ತಿದ್ದಳು.

ವಧೂವರರ ನಡುವಿನ ಪರದೆಯ ಒಂದು ತುದಿ ನನ್ನ ಕೈಯಲ್ಲಿ, ಸೋದರಮಾವನಲ್ಲವೇ. ಜನರಿದ್ದ ಕಡೆ ನಿಂತಿದ್ದೆ. "ಸಾವಧಾನ ಅನ್ನುವವರೆಗೂ ಅಲುಗಾಡಬೇಡ" ಎಂದು ಅವನಿಗೆ ಹೇಳಿದೆ. "ಸಂಕೇತಕ್ಕೆ ಮುಂಚೆ ನಾನು ಎಂದೂ ಅಲುಗಾಡಿದವನಲ್ಲ ಅಂಕಲ್" ಎಂದ. ನಿಜ. ಮೂಗಿನ ಮೇಲೆ ನೊಣ ಕೂತರೂ ಕದಲಲಿಲ್ಲ.

"ಸಾವಧಾನ!"

ಪರದೆ ಇಳಿಸಿದೆ. ವಾಲಗದ ರೆಕಾರ್ಡು ಜೋರಾಯಿತು. ನೂರಾರು ಜನ ಮುಷ್ಟಿ ಎತ್ತಿಕೊಂಡು ನಮ್ಮ ಹುಡುಗಿಯ ಕಡೆಗೆ ನುಗ್ಗಿದರು.

ಅವನ ತಲೆ ಯೋಚಿಸಲಿಲ್ಲ, ಮೈ ಯೋಚಿಸಿತು. ಒಂದೇ ಹೆಜ್ಜೆಗೆ ಮದುಮಗಳನ್ನು ಬೆನ್ನ ಹಿಂದೆ ಹಾಕಿಕೊಂಡು, ಮಂಡಿ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ ನಿಂತ. ದಾರಿಯಲ್ಲಿದ್ದ ನಾನು ಪರದೆ ಸಮೇತ ಹಾರಿ ಎರಡನೇ ಸಾಲಿನಲ್ಲಿ ಇನ್ನೂ ಏಳದೆ ಕೂತಿದ್ದ ಆಂಟಿಯರ ಮಡಿಲಲ್ಲಿ ಬಿದ್ದೆ. ಒಬ್ಬ ಡಾಕ್ಟರು ಎಡದಿಂದ ಬಂದರು, ವಾಪಸಾದರು. ಇಬ್ಬರು ಎಂಜಿನಿಯರುಗಳು ಬಲದಿಂದ ಬಂದರು, ಅವರೂ ವಾಪಸಾದರು. ಯಾರನ್ನೂ ಅವನು ಹಿಡಿಯಲಿಲ್ಲ, ನಿಯಮ ನಿಯಮವೇ. ಬಿದ್ದ ಅಕ್ಕಿಯೆಲ್ಲ ಅವನ ಎದೆ ಮೇಲೆ. ಅವಳ ಮೇಲೆ ಒಂದು ಕಾಳೂ ಇಲ್ಲ.

ನುಗ್ಗಿದವರೆಲ್ಲ ನಿಂತಲ್ಲೇ ನಿಂತರು. ತಾನೇನು ಮಾಡಿದೆ ಎಂದು ಅವನಿಗೂ ಹೊಳೆಯಿತು. ಆ ದೊಡ್ಡ ಮುಖ ಅಳುವಂತಾಯಿತು.

ಅಕ್ಕ ಎದ್ದಳು. ಹರಿವಾಣದಿಂದ ಮುಷ್ಟಿ ತುಂಬ ಅಕ್ಕಿಕಾಳು ತೆಗೆದುಕೊಂಡು ವೇದಿಕೆ ಹತ್ತಿ, ಅವನ ಚಾಚಿದ ಕೈ ಕೆಳಗೆ ನಿಂತಳು.

"ಇದನ್ನ ಮಾಡ್ತಿದ್ಯೇನಪ್ಪಾ ಹನ್ನೊಂದು ವರ್ಷ?"

ಮಗಳು ಬೆನ್ನ ಹಿಂದಿನಿಂದಲೇ ಇಂಗ್ಲಿಷಿಗೆ ತಿರುಗಿಸಿದಳು. "ಹೌದು ಆಂಟಿ" ಎಂದ.

"ಮೊದಲ ದಿನಾನ ಮಾಡಿ ತೋರಿಸಬಾರದಾ?" ಎಂದು ಕಣ್ಣೊರೆಸಿಕೊಂಡು, ತುದಿಗಾಲ ಮೇಲೆ ನಿಂತು ಅವನ ತಲೆಗೆ ಅರ್ಧ ಮುಷ್ಟಿ ಹಾಕಿದಳು. ಉಳಿದರ್ಧ ಮಗಳಿಗೆ ಹಾಕಲು ಅವನ ತೋಳಿನಡಿ ತೂರಿ ಹೋದಳು.

ಆಮೇಲೆ ನನ್ನನ್ನು ಹುಡುಕಿದಳು. ನಾನು ಇನ್ನೂ ಆಂಟಿಯರ ಮಡಿಲಲ್ಲೇ ಇದ್ದೆ.

"ಏಳೋ ತಮ್ಮಾ" ಎಂದು ವೇದಿಕೆಯಿಂದಲೇ ಕೂಗಿದಳು. "ಕುರ್ಚಿ ಬೇಕು ಕುರ್ಚಿ ಬೇಕು ಅಂತ ಒದರ್ತಿದ್ದಿ, ಈಗ ಸಿಕ್ಕಾವಲ್ಲ, ಏಳಾಕ ಮನಸ್ಸಿಲ್ಲೇನು?"